ಐಆರ್ ಬೀಮ್ ಅಲಾರಂ ಕಟ್ಟುವುದು ಹೇಗೆ: ಮೇಜಿನಿಂದ ಗೇಟಿನವರೆಗೆ, ಹಂತ ಹಂತವಾಗಿ

"ಸರ್, ಸರ್ಕ್ಯೂಟ್ ಎಲ್ಲ ಸರಿ ಇದೆ. ಆದರೂ ಒಂದು ಸೆಕೆಂಡ್ ಕೆಲಸ ಮಾಡಿ ನಿಂತುಬಿಡುತ್ತೆ." ಐಆರ್ ಬೀಮ್ (ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಕಿರಣ) ಕಟ್ಟಲು ಹೊರಟವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತಿದು. ಎರಡನೆಯದು: "ಕೈ ಅಡ್ಡ ಹಿಡಿದರೂ ಕೂಗೋದೇ ಇಲ್ಲ." ಮೂರನೆಯದು: "ರಾತ್ರಿಯೆಲ್ಲ ಚೆನ್ನಾಗಿತ್ತು, ಬೆಳಿಗ್ಗೆ ಸುಮ್ನೆ ಸುಮ್ನೆ ಕೂಗೋಕೆ ಶುರುವಾಯ್ತು."

ಮೂರಕ್ಕೂ ಕಾರಣ ಬೇರೆ ಬೇರೆ. ಆದರೆ ಅವರು ಹಿಡಿದ ದಾರಿ ಒಂದೇ. ಎಲ್ಲವನ್ನೂ ಒಟ್ಟಿಗೆ ಜೋಡಿಸಿ, ನೇರ ಗೇಟಿಗೆ ಒಯ್ದು, ಆಮೇಲೆ ಎಲ್ಲಿ ಕೆಟ್ಟಿದೆ ಎಂದು ಹುಡುಕುತ್ತಾರೆ. ಕಣ್ಣಿಗೆ ಕಾಣದ ಬೆಳಕಿನ ಜತೆ ಈ ದಾರಿ ನಡೆಯುವುದಿಲ್ಲ. ಒಂದೊಂದು ಹಂತವನ್ನೂ ಬೇರೆಯಾಗಿ ಪರೀಕ್ಷಿಸಿ, ಅದು ಪಾಸಾದ ಮೇಲೆ ಮಾತ್ರ ಮುಂದಕ್ಕೆ ಹೋಗಬೇಕು. ಕೆಳಗಿನ ಕ್ರಮ ಹಾಗೆಯೇ ಇದೆ. ದಯವಿಟ್ಟು ಹಾರಿಸಬೇಡಿ.

ನಾವು ಕಟ್ಟುವುದು ಇಷ್ಟು: ಗೇಟಿನ ಒಂದು ಕಂಬದಲ್ಲಿ ಐಆರ್ ಎಲ್‌ಇಡಿ, ಇನ್ನೊಂದರಲ್ಲಿ ರಿಸೀವರ್, ನಡುವೆ ಸುಮಾರು 10 ಮೀಟರ್. ಯಾರಾದರೂ ದಾಟಿದರೆ ಬಜರ್ ಕೂಗಬೇಕು.

ಮೊದಲೇ ಒಂದು ಎಚ್ಚರಿಕೆ. ಇದು ಯಾರೋ ಬಂದರು ಎಂದು ತಿಳಿಸುವ ಸಾಧನ ಮಾತ್ರ. ಮೋಟಾರಿನಿಂದ ಮುಚ್ಚುವ ಗೇಟಿಗೆ ಮಕ್ಕಳು ಸಿಕ್ಕಿಕೊಳ್ಳದಂತೆ ತಡೆಯಲು ಇದನ್ನು ನಂಬಬೇಡಿ. ಆ ಕೆಲಸಕ್ಕೆ ಗೇಟ್ ಮೋಟಾರಿನ ಜತೆಗೇ ಬರುವ ಸುರಕ್ಷತಾ ಸೆನ್ಸರನ್ನೇ ಹಾಕಿಸಿ.

## ಈ ಬೆಳಕಿನ ಬಗ್ಗೆ ತಿಳಿದಿರಬೇಕಾದಷ್ಟು

ರೇಡಿಯೊ ಅಲೆ, ಮೈಕ್ರೊವೇವ್, ಅವಕೆಂಪು, ಕಣ್ಣಿಗೆ ಕಾಣುವ ಬೆಳಕು, ಅತಿನೇರಳೆ, ಎಕ್ಸ್-ರೇ, ಎಲ್ಲವೂ ಒಂದೇ ಜಾತಿಯ ಅಲೆಗಳು. ಅಲೆಯ ಉದ್ದ ಮಾತ್ರ ಬೇರೆ. ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗೆ ನೋಡುತ್ತದೆ. ಟಿವಿ ರಿಮೋಟಿನ ಎಲ್‌ಇಡಿ 940 ನ್ಯಾನೊಮೀಟರ್‌ನಲ್ಲಿ ಬೆಳಗುತ್ತದೆ. ನಾವು ಬಳಸುವುದೂ ಅದನ್ನೇ.

ಇಲ್ಲಿ ಒಂದು ಗೊಂದಲ ತುಂಬಾ ಜನರಿಗೆ ಇದೆ. ಮೆಟ್ಟಿಲ ಬಳಿ ತಾನಾಗಿ ದೀಪ ಹತ್ತಿಸುವ ಪಿಐಆರ್ ಸೆನ್ಸರ್ ಕೂಡ ಅವಕೆಂಪಿನದೇ. ಆದರೆ ಅದು ನೋಡುವುದು ಮನುಷ್ಯನ ಮೈಬಿಸಿಯನ್ನು. ಆ ಅಲೆಯ ಉದ್ದ ಸುಮಾರು 10 ಮೈಕ್ರೊಮೀಟರ್, ಅಂದರೆ ನಮ್ಮ ಎಲ್‌ಇಡಿಗಿಂತ ಹತ್ತು ಪಟ್ಟು ಜಾಸ್ತಿ. ಕಿಟಕಿ ಗಾಜು ಮೈಬಿಸಿಯ ಅಲೆಯನ್ನು ತಡೆಯುತ್ತದೆ, 940 ನ್ಯಾನೊಮೀಟರನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಒಂದಕ್ಕೆ ಕೇಳಿದ ಸಲಹೆಯನ್ನು ಇನ್ನೊಂದಕ್ಕೆ ಬಳಸಬೇಡಿ.

ಇನ್ನೊಂದು ಮಾತು ನೆನಪಿಡಿ: ಕಣ್ಣಿಗೆ ಕಪ್ಪಾಗಿ ಕಾಣುವುದೆಲ್ಲ ಅವಕೆಂಪಿಗೂ ಕಪ್ಪಲ್ಲ. ರಿಮೋಟಿನ ತುದಿಯಲ್ಲಿ, ಟಿವಿಯ ಕೆಳಗೆ ಕಪ್ಪು ಪ್ಲಾಸ್ಟಿಕ್ ಕಿಟಕಿ ಇರುತ್ತದಲ್ವಾ? ಅದರ ಮೂಲಕವೇ ಬೆಳಕು ಹಾದುಹೋಗುತ್ತದೆ. ಕೆಲವು ಕಪ್ಪು ಬಟ್ಟೆಗಳೂ ಹಾಗೆಯೇ. ಬೀಮ್ ಕಡಿದು ನೋಡುವಾಗ ಅಂಗೈ, ದಪ್ಪ ರಟ್ಟು ಅಥವಾ ತಗಡು ಹಿಡಿಯಿರಿ. ತೆಳು ಕಪ್ಪು ಪ್ಲಾಸ್ಟಿಕ್ ಹಿಡಿದು "ಕೂಗಲಿಲ್ಲ" ಎನ್ನಬೇಡಿ.

## ಬೇಕಾದ ಸಾಮಾನು

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಬೇರೆ ಊರುಗಳ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಇವು ಸಿಗುತ್ತವೆ.

ಕಳಿಸುವ ಕಡೆಗೆ: 940 ನ್ಯಾನೊಮೀಟರಿನ 5 ಮಿ.ಮೀ. ಐಆರ್ ಎಲ್‌ಇಡಿ 2 (ಒಂದು ಹೆಚ್ಚುವರಿ ಇರಲಿ), 555 ಐಸಿ (ಹೊತ್ತು ಅಳೆಯುವ, ಮಿಡಿತ ಹುಟ್ಟಿಸುವ ಟೈಮರ್ ಚಿಪ್) 2, ಬಿಸಿ337 ಟ್ರಾನ್ಸಿಸ್ಟರ್ 1, 1ಎನ್4148 ಡಯೋಡ್ 1, 5ಕೆ (5,000 ಓಮ್) ಪ್ರೀಸೆಟ್, ಅಂದರೆ ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್, 1, 1 ನ್ಯಾನೊಫ್ಯಾರಡ್ ಪಾಲಿಯೆಸ್ಟರ್ ಕೆಪಾಸಿಟರ್ (ಮೇಲೆ 102 ಎಂದಿರುತ್ತದೆ), 0.1 ಮೈಕ್ರೊಫ್ಯಾರಡಿನದು (104), 100 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್.

ಹಿಡಿಯುವ ಕಡೆಗೆ: 38 ಕಿಲೋಹರ್ಟ್ಜ್‌ನ ಟಿಎಸ್‌ಒಪಿ ರಿಸೀವರ್ (ರಿಮೋಟಿನ ಬೆಳಕು ಹಿಡಿಯುವ ಭಾಗ) 2, 555 ಐಸಿ 1, ಬಿಸಿ557 ಟ್ರಾನ್ಸಿಸ್ಟರ್ 1, 1 ಮತ್ತು 10 ಮೈಕ್ರೊಫ್ಯಾರಡ್ ಕೆಪಾಸಿಟರ್, ಪೀಜೊ ಬಜರ್, 1ಎನ್4148 ಡಯೋಡ್ 2, ಹಸಿರು ಎಲ್‌ಇಡಿ.

ರೆಸಿಸ್ಟರ್‌ಗಳು: 47, 100, 470 ಓಮ್; 1ಕೆ, 4.7ಕೆ, 10ಕೆ, 15ಕೆ, 100ಕೆ. ಎರಡೆರಡು ತನ್ನಿ, 470 ಓಮ್ ಮಾತ್ರ ಮೂರು.

ಜತೆಗೆ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಭಾಗ ಚುಚ್ಚಿ ಜೋಡಿಸುವ ಹಲಗೆ) ಎರಡು, ಮಲ್ಟಿಮೀಟರ್ (ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಮಿಡಿತ ಎಂಬುದನ್ನು ಅಳೆಯುವಂಥದ್ದಾದರೆ ಒಳ್ಳೆಯದು), ಸರಿಯಾದ 5 ವೋಲ್ಟ್ ಸಪ್ಲೈ, 25 ಮಿ.ಮೀ. ಪೈಪಿನ 15 ಸೆಂ.ಮೀ. ಉದ್ದದ ಎರಡು ತುಂಡು, ಫೋನು. ಗೇಟಿನಲ್ಲಿ 12 ವೋಲ್ಟ್ ಬ್ಯಾಟರಿ ಬಳಸುವುದಾದರೆ ಅದನ್ನು 5 ವೋಲ್ಟಿಗೆ ಇಳಿಸುವ 7805 ರೆಗ್ಯುಲೇಟರ್ ಬೇಕು.

## ಹಂತ 1: ಎಲ್‌ಇಡಿ ಮತ್ತು ರಿಸೀವರನ್ನು ಬೇರೆ ಬೇರೆಯಾಗಿ ನೋಡಿ

ಎಲ್‌ಇಡಿಯನ್ನು 470 ಓಮ್ ಮೂಲಕ 5 ವೋಲ್ಟಿಗೆ ಕೊಡಿ. ಉದ್ದ ಕಾಲು ಪ್ಲಸ್ಸಿಗೆ. ಫೋನಿನ ಕ್ಯಾಮೆರಾದಲ್ಲಿ ನೋಡಿ: ತಿಳಿ ನೇರಳೆ ಅಥವಾ ಬಿಳಿ ಚುಕ್ಕೆ ಕಾಣಬೇಕು. ಹಿಂದಿನ ಕ್ಯಾಮೆರಾದಲ್ಲಿ ಏನೂ ಕಾಣದಿದ್ದರೆ ಎಲ್‌ಇಡಿ ಸುಟ್ಟಿದೆ ಎಂದು ತೀರ್ಮಾನಿಸಬೇಡಿ. ಅನೇಕ ಫೋನುಗಳ ಹಿಂದಿನ ಕ್ಯಾಮೆರಾದಲ್ಲಿ ಅವಕೆಂಪು ತಡೆಯುವ ಫಿಲ್ಟರ್ ಗಟ್ಟಿಯಾಗಿರುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಮೊದಲು ಟಿವಿ ರಿಮೋಟ್ ಒತ್ತಿ, ನಿಮ್ಮ ಫೋನಿಗೆ ಅದು ಕಾಣುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ.

ಎಲ್‌ಇಡಿಯ ಮೇಲಿನ ವೋಲ್ಟೇಜ್ ಅಳೆಯಿರಿ. 1.2ರ ಆಸುಪಾಸು ಬರಬೇಕು. ಪೂರ್ತಿ 5 ವೋಲ್ಟ್ ತೋರಿಸಿದರೆ ಎಲ್‌ಇಡಿ ತಿರುಗಾ ಕೂತಿದೆ ಅಥವಾ ಹಾಳಾಗಿದೆ. 1.8 ಅಥವಾ 2 ಬಂದರೆ ಅಂಗಡಿಯವರು ಮಾಮೂಲಿ ಕೆಂಪು ಎಲ್‌ಇಡಿ ಕೊಟ್ಟಿರಬಹುದು.

ಕಣ್ಣಿನ ವಿಷಯದಲ್ಲಿ ಹುಷಾರು. ಕಾಣುವ ಬೆಳಕು ಜೋರಾಗಿದ್ದರೆ ನಾವು ತಾನಾಗಿ ಕಣ್ಣು ಮುಚ್ಚುತ್ತೇವೆ. ಅವಕೆಂಪಿಗೆ ಕಣ್ಣು ಮುಚ್ಚುವುದಿಲ್ಲ, ಏಕೆಂದರೆ ಅದು ಕಾಣುವುದೇ ಇಲ್ಲ. ಉರಿಯುತ್ತಿರುವ ಐಆರ್ ಎಲ್‌ಇಡಿಯನ್ನು ಹತ್ತಿರದಿಂದ ದಿಟ್ಟಿಸಬೇಡಿ, ಲೆನ್ಸ್ ಇಟ್ಟಂತೂ ನೋಡಲೇಬೇಡಿ.

ಈಗ ರಿಸೀವರ್. ಅತಿ ಹೆಚ್ಚು ರಿಸೀವರ್‌ಗಳು ಸಾಯುವುದು ಇಲ್ಲೇ. ಉಬ್ಬಿದ ಮುಖ ನಿಮ್ಮ ಕಡೆಗಿರಲಿ. ಟಿಎಸ್‌ಒಪಿ 1738ರಲ್ಲಿ ಎಡದಿಂದ ಬಲಕ್ಕೆ: ಗ್ರೌಂಡ್ (ಮೈನಸ್), ಪ್ಲಸ್, ಔಟ್‌ಪುಟ್. ಟಿಎಸ್‌ಒಪಿ 38238ರಲ್ಲಿ: ಔಟ್‌ಪುಟ್, ಗ್ರೌಂಡ್, ಪ್ಲಸ್. ನೋಡಲು ಎರಡೂ ಅಣ್ಣತಮ್ಮಂದಿರಂತೆ ಇವೆ. 1738 ಮೂಲ ಕಂಪನಿಯಲ್ಲಿ ತಯಾರಾಗುವುದು ಎಂದೋ ನಿಂತಿದೆ. ಈಗ ಆ ಹೆಸರಿನಲ್ಲಿ ಬೇರೆ ಬೇರೆ ಮಾಲು ಮಾರುತ್ತಾರೆ. ಅಂಗಡಿಯವರ ಮಾತಿಗಿಂತ ಭಾಗದ ಮೇಲೆ ಬರೆದಿರುವುದನ್ನು ಓದಿ, ಆ ನಂಬರಿನ ಡೇಟಾಶೀಟ್ (ತಯಾರಕರ ವಿವರಪತ್ರ) ತೆಗೆದು ಪಿನ್ ನೋಡಿ. ಪವರ್ ಕೊಟ್ಟು ಎರಡು ಸೆಕೆಂಡಿನಲ್ಲಿ ಬೆರಳಿಟ್ಟು ನೋಡಿ. ಬಿಸಿಯಾಗಿದ್ದರೆ ತಕ್ಷಣ ತೆಗೆಯಿರಿ.

ರಿಸೀವರಿನ ಪ್ಲಸ್ ಕಾಲಿಗೆ 100 ಓಮ್ ಮೂಲಕವೇ 5 ವೋಲ್ಟ್ ಕೊಡಿ. ಆ ಕಾಲಿನಿಂದ ಗ್ರೌಂಡಿಗೆ 10 ಮೈಕ್ರೊಫ್ಯಾರಡ್ ಇಡಿ. ಇದನ್ನು ಬಿಟ್ಟರೆ ಅಗ್ಗದ ಚಾರ್ಜರಿನ ಗಲಾಟೆಯೆಲ್ಲ ರಿಸೀವರಿನೊಳಗೆ ಹೋಗುತ್ತದೆ, ದೂರ ಕಮ್ಮಿಯಾಗುತ್ತದೆ.

ಪರೀಕ್ಷೆ: ಔಟ್‌ಪುಟ್ ಸುಮ್ಮನಿರುವಾಗ 5 ವೋಲ್ಟಿನ ಹತ್ತಿರ ಇರಬೇಕು. ಟಿವಿ ರಿಮೋಟ್ ಒತ್ತಿದರೆ ಮೀಟರ್ ಸ್ವಲ್ಪ ಕೆಳಗೆ ಅಲ್ಲಾಡಬೇಕು. ಬೆಳಕು ಬಂದಾಗ ಔಟ್‌ಪುಟ್ ಕೆಳಗಿಳಿಯುತ್ತದೆ, ಮೇಲೇರುವುದಿಲ್ಲ. ಇದು ತಿರುವುಮುರುವು ಎನಿಸಬಹುದು, ಆದರೆ ಹೀಗೇ ಇರಬೇಕು.

## ಹಂತ 2: 38 ಕಿಲೋಹರ್ಟ್ಜ್ ಮಿಡಿತ ಮಾಡಿ

ಬಿಸಿಲು, ಬಲ್ಬು, ಒಲೆ ಎಲ್ಲದರಲ್ಲೂ ಅವಕೆಂಪು ಇದೆ. ಬಿಸಿಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಅವಕೆಂಪೇ. ಅದರ ನಡುವೆ ನಮ್ಮ ಎಲ್‌ಇಡಿಯನ್ನು ಗುರುತಿಸಲು ರಿಸೀವರಿಗೆ ಒಂದು ಸಂಕೇತ ಬೇಕು: ಸೆಕೆಂಡಿಗೆ 38,000 ಬಾರಿ ಮಿಡಿಯುವ ಬೆಳಕು. ಬೇರೆ ವೇಗದಲ್ಲಿ ಮಿಡಿಯುವುದನ್ನು ಅದು ಕಡೆಗಣಿಸುತ್ತದೆ.

ಮೊದಲ 555ನ್ನು ಹೀಗೆ ಜೋಡಿಸಿ. 8ನೇ ಪಿನ್ 5 ವೋಲ್ಟಿಗೆ, 1ನೇ ಪಿನ್ ಗ್ರೌಂಡಿಗೆ. 8 ಮತ್ತು 7ರ ನಡುವೆ 1ಕೆ. 7 ಮತ್ತು 6ರ ನಡುವೆ 15ಕೆ, ಅದರ ಸಾಲಿನಲ್ಲಿ 5ಕೆ ಪ್ರೀಸೆಟ್. 6 ಮತ್ತು 2 ಕೂಡಿಸಿ, ಅಲ್ಲಿಂದ ಗ್ರೌಂಡಿಗೆ 1 ನ್ಯಾನೊಫ್ಯಾರಡ್. 4ನೇ ಪಿನ್ ಸದ್ಯಕ್ಕೆ 5 ವೋಲ್ಟಿಗೆ. ಔಟ್‌ಪುಟ್ 3ನೇ ಪಿನ್ನಿನಲ್ಲಿ.

ಇಲ್ಲಿ ಡಿಸ್ಕ್ (ಬಿಲ್ಲೆಯಾಕಾರದ ಸೆರಾಮಿಕ್) ಕೆಪಾಸಿಟರ್ ಬಳಸಬೇಡಿ. ಬಿಸಿಯೇರಿದಂತೆ ಅದರ ಫ್ಯಾರಡ್ ಅಳತೆ ಜಾರುತ್ತದೆ, ಅದರೊಂದಿಗೆ ಫ್ರೀಕ್ವೆನ್ಸಿಯೂ ಜಾರುತ್ತದೆ. ಮಧ್ಯಾಹ್ನ ಮಾತ್ರ ಕೈಕೊಡುವ ಬೀಮ್‌ಗಳಲ್ಲಿ ಕೆಲವು ಇದೇ ಕಾಯಿಲೆಯವು.

ಮೀಟರನ್ನು ಫ್ರೀಕ್ವೆನ್ಸಿಗೆ ಇಟ್ಟು 3ನೇ ಪಿನ್ ಅಳೆಯುತ್ತ ಪ್ರೀಸೆಟ್ ತಿರುಗಿಸಿ. ಲೆಕ್ಕದಂತೆ 35ರಿಂದ 46ರವರೆಗೆ ಓಡಾಡುತ್ತದೆ. 38ಕ್ಕೆ ನಿಲ್ಲಿಸಿ. ಎರಡು ಕಿಲೋಹರ್ಟ್ಜ್ ಆಚೀಚೆ ಆದರೂ ಮೇಜಿನ ಮೇಲೆ ಕೆಲಸ ಮಾಡುತ್ತದೆ, ಗೇಟಿನಲ್ಲಿ ದೂರ ಸಾಲುವುದಿಲ್ಲ. ಅದಕ್ಕೇ ಈಗಲೇ ಸರಿಮಾಡಿ. ನಿಮ್ಮ ಮೀಟರಿನಲ್ಲಿ ಫ್ರೀಕ್ವೆನ್ಸಿ ಇಲ್ಲದಿದ್ದರೆ ಚಿಂತೆ ಬೇಡ, ಹಂತ 5ರ ಕೊನೆಯಲ್ಲಿ ದಾರಿ ಇದೆ.

## ಹಂತ 3: ಬೆಳಕನ್ನು ತುಂಡು ತುಂಡಾಗಿ ಕಳಿಸಿ

ಹೆಚ್ಚಿನವರು ಸೋಲುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಈ ರಿಸೀವರ್ ಹುಟ್ಟಿದ್ದು ರಿಮೋಟಿಗಾಗಿ. ರಿಮೋಟ್ ಎಂದೂ ಬಿಡದೆ ಬೆಳಗುವುದಿಲ್ಲ. ಒಂದು ಚಿಕ್ಕ ಗೊಂಚಲು ಮಿಡಿತ, ಸ್ವಲ್ಪ ಬಿಡುವು, ಮತ್ತೊಂದು ಗೊಂಚಲು, ಹೀಗೆ ಕಳಿಸುತ್ತದೆ. ಬಿಡುವಿಲ್ಲದೆ 38 ಕಿಲೋಹರ್ಟ್ಜ್ ಬರುತ್ತಲೇ ಇದ್ದರೆ ರಿಸೀವರ್ ಅದನ್ನು ಯಾವುದೋ ಟ್ಯೂಬ್‌ಲೈಟಿನ ಗಲಾಟೆ ಎಂದು ತಿಳಿಯುತ್ತದೆ. ಒಳಗಿರುವ ತಾನಾಗಿ ಹೊಂದಿಕೊಳ್ಳುವ ಭಾಗ ತನ್ನ ಕಿವಿಯನ್ನು ಮಂದ ಮಾಡಿಕೊಳ್ಳುತ್ತದೆ. ಒಂದು ಸೆಕೆಂಡ್ ಕೆಲಸ ಮಾಡಿ ನಿಂತುಬಿಡುವುದು ಇದಕ್ಕೇ. ಸರ್ಕ್ಯೂಟ್ ಕೆಟ್ಟಿಲ್ಲ. ರಿಸೀವರ್ ತನ್ನ ಕೆಲಸ ತಾನು ಮಾಡುತ್ತಿದೆ.

ಗೊಂಚಲಿನಲ್ಲಿ ಕನಿಷ್ಠ 10 ಮಿಡಿತ ಇರಬೇಕು. 70 ದಾಟಬಾರದು. ನಡುವಿನ ಬಿಡುವು ಧಾರಾಳವಾಗಿರಲಿ.

ಎರಡನೇ 555 ಇದಕ್ಕೆ. 8 ಮತ್ತು 4ನೇ ಪಿನ್ 5 ವೋಲ್ಟಿಗೆ, 1 ಗ್ರೌಂಡಿಗೆ. 8 ಮತ್ತು 7ರ ನಡುವೆ 10ಕೆ. 7 ಮತ್ತು 6ರ ನಡುವೆ 100ಕೆ. ಆ 100ಕೆಯ ಮೇಲೆಯೇ ಸಮಾನಾಂತರವಾಗಿ 1ಎನ್4148 ಡಯೋಡ್, ಪಟ್ಟೆ ಇರುವ ತುದಿ 6ನೇ ಪಿನ್ನಿನ ಕಡೆಗೆ. 6 ಮತ್ತು 2 ಕೂಡಿಸಿ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್.

ಈ ಡಯೋಡಿನಿಂದಾಗಿ ಔಟ್‌ಪುಟ್ 1 ಮಿಲಿಸೆಕೆಂಡಿಗಿಂತ ಸ್ವಲ್ಪ ಕಮ್ಮಿ ಹೊತ್ತು ಮೇಲಿರುತ್ತದೆ, ಸುಮಾರು 7 ಮಿಲಿಸೆಕೆಂಡ್ ಕೆಳಗಿರುತ್ತದೆ. ಒಂದು ಗೊಂಚಲಿಗೆ ಮೂವತ್ತರ ಆಸುಪಾಸು ಮಿಡಿತ ಬಿತ್ತು, ನಮಗೆ ಬೇಕಾದಷ್ಟೇ. ಡಯೋಡ್ ತಿರುಗಾ ಹಾಕಿದರೆ ಮೇಲಿರುವ ಹೊತ್ತು ಉದ್ದವಾಗಿ 70ರ ಮಿತಿ ದಾಟಿಬಿಡುತ್ತದೆ. ಆಗ ಮತ್ತೆ ಅದೇ ಹಳೆಯ ಕಾಯಿಲೆ.

ಈಗ ಮೊದಲ 555ರ 4ನೇ ಪಿನ್ನನ್ನು 5 ವೋಲ್ಟಿನಿಂದ ಬಿಡಿಸಿ, ಎರಡನೇ 555ರ 3ನೇ ಪಿನ್ನಿಗೆ ಕೊಡಿ. ಎರಡನೆಯದು ಮೇಲಿದ್ದಾಗ ಮಾತ್ರ ಮೊದಲನೆಯದು ಮಿಡಿಯುತ್ತದೆ.

ಮೊದಲನೆಯದರ 3ನೇ ಪಿನ್ನಿನಿಂದ 470 ಓಮ್ ಮೂಲಕ ಬಿಸಿ337ರ ಬೇಸ್ ಕಾಲಿಗೆ ತಂತಿ ಎಳೆಯಿರಿ. ಎಮಿಟರ್ ಗ್ರೌಂಡಿಗೆ. 5 ವೋಲ್ಟಿನಿಂದ ರೆಸಿಸ್ಟರ್, ಆಮೇಲೆ ಎಲ್‌ಇಡಿ, ಆಮೇಲೆ ಕಲೆಕ್ಟರ್. ಕೊನೆಗೆ ಹಾಕುವ ರೆಸಿಸ್ಟರ್ 47 ಓಮ್. ಆದರೆ ಈಗಲೇ ಅದನ್ನು ಹಾಕಬೇಡಿ, 1ಕೆ ಹಾಕಿ. ಕಾರಣ ಮುಂದಿನ ಹಂತದಲ್ಲಿದೆ. ಎಲ್‌ಇಡಿಯ ಹತ್ತಿರವೇ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ 100 ಮೈಕ್ರೊಫ್ಯಾರಡ್ ಇಡುವುದನ್ನು ಮರೆಯಬೇಡಿ.

47 ಓಮ್‌ನಲ್ಲಿ ಎಲ್‌ಇಡಿಗೆ ಸುಮಾರು 70 ಮಿಲಿಆಂಪ್ ಹರಿಯುತ್ತದೆ. 5 ಮಿ.ಮೀ. ಐಆರ್ ಎಲ್‌ಇಡಿಗಳು ಸಾಮಾನ್ಯವಾಗಿ 100 ಮಿಲಿಆಂಪ್ ಬಿಡದೆ ಹರಿದರೂ ತಾಳಿಕೊಳ್ಳುತ್ತವೆ. ಹಾಗಾಗಿ ಯಾವುದೋ ತಂತಿ ಬಿಟ್ಟುಹೋಗಿ ಎಲ್‌ಇಡಿ ಸದಾ ಉರಿದರೂ ಸಾಯುವುದಿಲ್ಲ. ಜಾಸ್ತಿ ದೂರದ ಆಸೆಗೆ 10 ಓಮ್ ಹಾಕಿದವರ ಎಲ್‌ಇಡಿ ಇಂಥ ಒಂದು ದಿನ ಸದ್ದಿಲ್ಲದೆ ಸುಡುತ್ತದೆ.

## ಹಂತ 4: ಮೇಜಿನ ಮೇಲೆ, ಮಂದ ಬೆಳಕಿನಲ್ಲಿ

ಎಲ್‌ಇಡಿ ಮತ್ತು ರಿಸೀವರನ್ನು ಒಂದು ಮೀಟರ್ ದೂರದಲ್ಲಿ ಎದುರುಬದುರು ಇಡಿ. ರಿಸೀವರ್ ಔಟ್‌ಪುಟ್ ಅಳೆಯಿರಿ. ಸುಮಾರು ನಾಲ್ಕೂವರೆ ವೋಲ್ಟ್ ತೋರಿಸಬೇಕು.

"ಸೊನ್ನೆ ಬರಬೇಕಿತ್ತಲ್ವಾ?" ಎಂದು ಬಹಳ ಜನ ಇಲ್ಲಿ ಗಾಬರಿಯಾಗುತ್ತಾರೆ. ಇಲ್ಲ. ಔಟ್‌ಪುಟ್ ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ ಕೆಳಗಿರುತ್ತದೆ. ಮೀಟರ್ ತೋರಿಸುವುದು ಸರಾಸರಿ. ಕೈ ಅಡ್ಡ ಹಿಡಿದರೆ ಅದು 5ಕ್ಕೆ ಏರಬೇಕು. ಆ ಅರ್ಧ ವೋಲ್ಟಿನ ಏರಿಳಿತವೇ ನಮ್ಮ ಬೀಮ್.

ಕೈ ಹಿಡಿದರೂ ಏರಲಿಲ್ಲವೇ? ಬೆಳಕು ಗೋಡೆಗೆ, ಮೇಜಿಗೆ, ನಿಮ್ಮ ಅಂಗಿಗೆ ತಾಗಿ ಸುತ್ತಿ ಬರುತ್ತಿದೆ. ಈ ರಿಸೀವರ್ ಕೋಣೆಯ ಯಾವ ಮೂಲೆಗೆ ರಿಮೋಟ್ ತಿರುಗಿಸಿದರೂ ಹಿಡಿಯುವಷ್ಟು ಚುರುಕು. 70 ಮಿಲಿಆಂಪ್ ಬೆಳಕಿನಲ್ಲಿ ಕೋಣೆಯೊಳಗೆ ಅದನ್ನು ಅಂಗೈಯಿಂದ ತಡೆಯುವುದು ಹೆಚ್ಚುಕಡಿಮೆ ಅಸಾಧ್ಯ. 1ಕೆ ಹಾಕಲು ಹೇಳಿದ್ದು ಅದಕ್ಕೇ. ಅದೂ ಜಾಸ್ತಿಯಾದರೆ 4.7ಕೆ ಹಾಕಿ. ಎಲ್‌ಇಡಿಗೆ ಕಾಗದದ ಬದಲು ತಗಡಿನ ಚಿಕ್ಕ ಕೊಳವೆ ತೊಡಿಸಿ. ಬಿಳಿ ಕಾಗದ ಬೆಳಕನ್ನು ಒಳಗಿಂದ ಹೊರಗೆ ಸೋರಿಸುತ್ತದೆ.

ಇಲ್ಲೇ ಒಂದು ಗಂಟೆ ಹಾಗೇ ಬಿಡಿ. ಮೀಟರ್ ಅಲ್ಲೇ ನಿಂತಿದ್ದರೆ ಹಂತ 3 ಸರಿಯಾಗಿದೆ.

## ಹಂತ 5: ತಪ್ಪಿದ ಗೊಂಚಲನ್ನು ಹಿಡಿಯುವ ಸರ್ಕ್ಯೂಟ್

ಈಗ ರಿಸೀವರಿನಿಂದ ಸೆಕೆಂಡಿಗೆ ನೂರಕ್ಕೂ ಜಾಸ್ತಿ ಚಿಕ್ಕ ತಟ್ಟುಗಳು ಬರುತ್ತಿವೆ. ಅವು ನಿಂತಾಗ ಬಜರ್ ಕೂಗಬೇಕು. ಪ್ರತಿ ತಟ್ಟೂ ಒಂದು ಕೆಪಾಸಿಟರನ್ನು ಖಾಲಿ ಮಾಡುತ್ತದೆ. ತಟ್ಟು ನಿಂತರೆ ಅದು ತುಂಬುತ್ತದೆ. ತುಂಬಿದರೆ ಅಲಾರಂ.

ಮೂರನೇ 555: 8 ಮತ್ತು 4 ಐದು ವೋಲ್ಟಿಗೆ, 1 ಗ್ರೌಂಡಿಗೆ. 6 ಮತ್ತು 7 ಕೂಡಿಸಿ, ಅಲ್ಲಿಂದ 5 ವೋಲ್ಟಿಗೆ 100ಕೆ, ಗ್ರೌಂಡಿಗೆ 1 ಮೈಕ್ರೊಫ್ಯಾರಡ್. ರಿಸೀವರ್ ಔಟ್‌ಪುಟ್ ನೇರ 2ನೇ ಪಿನ್ನಿಗೆ. ಅದೇ ಔಟ್‌ಪುಟ್ಟಿನಿಂದ 4.7ಕೆ ಮೂಲಕ ಬಿಸಿ557ರ ಬೇಸ್ ಕಾಲಿಗೆ. ಬಿಸಿ557ರ ಎಮಿಟರ್ 6ನೇ ಪಿನ್ನಿಗೆ, ಕಲೆಕ್ಟರ್ ಗ್ರೌಂಡಿಗೆ.

3ನೇ ಪಿನ್ ಬೀಮ್ ಇರುವಾಗ ಮೇಲೆ, ಕಡಿದಾಗ ಕೆಳಗೆ. ಅಲ್ಲಿಂದ ಗ್ರೌಂಡಿಗೆ 470 ಓಮ್ ಜತೆ ಹಸಿರು ಎಲ್‌ಇಡಿ. ಬೀಮ್ ಸಿಕ್ಕಿದೆ ಎಂಬ ಗುರುತು ಅದು. ಬಜರ್ 5 ವೋಲ್ಟ್ ಮತ್ತು 3ನೇ ಪಿನ್ ನಡುವೆ, ಅದರ ಸಾಲಿನಲ್ಲಿ ಎರಡು 1ಎನ್4148 ಡಯೋಡ್, ಪಟ್ಟೆ 3ನೇ ಪಿನ್ನಿನ ಕಡೆ. ಮಾಮೂಲಿ 555ರ ಔಟ್‌ಪುಟ್ ಪೂರ್ತಿ 5ಕ್ಕೆ ಏರುವುದಿಲ್ಲ, ಒಂದೂವರೆ ವೋಲ್ಟಿನಷ್ಟು ಕೆಳಗೇ ನಿಲ್ಲುತ್ತದೆ. ಡಯೋಡ್ ಇಲ್ಲದಿದ್ದರೆ ಬಜರ್ ಸದಾ ಸಣ್ಣಗೆ ಗುಂಯ್‌ಗುಡುತ್ತದೆ.

100ಕೆ ಮತ್ತು 1 ಮೈಕ್ರೊಫ್ಯಾರಡಿಗೆ ಕಾಯುವ ಹೊತ್ತು ಸುಮಾರು 0.1 ಸೆಕೆಂಡ್. ನಡೆಯುವ ಮನುಷ್ಯನ ಮುಂಡ ಬೀಮನ್ನು ಅದಕ್ಕಿಂತ ಹೆಚ್ಚು ಹೊತ್ತು ಮುಚ್ಚುತ್ತದೆ. ಬೀಳುವ ಎಲೆ, ಹಾರುವ ಹಕ್ಕಿ ಬೇಗ ದಾಟಿಬಿಡುತ್ತವೆ. 47ಕೆ ಹಾಕಿದರೆ ಓಡುವವರೂ ಸಿಗುತ್ತಾರೆ, ಹಕ್ಕಿಯೂ ಸಿಗುತ್ತದೆ. ನನಗೆ 100ಕೆಯೇ ಸರಿ ಎನಿಸುತ್ತದೆ.

ಫ್ರೀಕ್ವೆನ್ಸಿ ಮೀಟರ್ ಇಲ್ಲದವರು ಈಗ ಪ್ರೀಸೆಟ್ ಸರಿಮಾಡಿ. ಎಲ್‌ಇಡಿಯನ್ನು ಹಸಿರು ದೀಪ ಇನ್ನೇನು ಆರುತ್ತದೆ ಎನ್ನುವಷ್ಟು ದೂರ ಸರಿಸಿ. ಪ್ರೀಸೆಟ್ ಒಂದು ಕಡೆ ತಿರುಗಿಸಿ, ದೀಪ ಆರುವ ಜಾಗ ಗುರುತಿಸಿ. ಇನ್ನೊಂದು ಕಡೆಗೂ ಹಾಗೇ. ಎರಡರ ನಡುವೆ ನಿಲ್ಲಿಸಿ.

## ಹಂತ 6: ಪೈಪಿನ ಟೋಪಿ

5 ಮಿ.ಮೀ. ಎಲ್‌ಇಡಿಯ ಬೆಳಕು ಲೇಸರಿನಂತೆ ಗೆರೆಯಾಗಿ ಹೋಗುವುದಿಲ್ಲ. ಚೂಪಾದ ಎಲ್‌ಇಡಿ ಕೂಡ ಆಚೀಚೆ 10 ಡಿಗ್ರಿ ಚೆಲ್ಲುತ್ತದೆ. 10 ಮೀಟರ್ ದೂರದಲ್ಲಿ ಅದು ಮೂರೂವರೆ ಮೀಟರ್ ಅಗಲದ ವೃತ್ತ. ರಿಸೀವರ್ ಕಣ್ಣಂತೂ ಆಚೀಚೆ 45 ಡಿಗ್ರಿ ನೋಡುತ್ತದೆ. ಅದರೊಳಗೆ ಆಕಾಶ, ಬಿಳಿ ಗೋಡೆ, ನಿಂತ ಕಾರು ಎಲ್ಲ ಬರುತ್ತವೆ.

15 ಸೆಂ.ಮೀ. ಪೈಪಿನ ಹಿಂತುದಿಯಲ್ಲಿ ರಿಸೀವರ್ ಕೂರಿಸಿದರೆ ಅದರ ನೋಟ ಆಚೀಚೆ 5 ಡಿಗ್ರಿಗೆ ಇಳಿಯುತ್ತದೆ. ಕಬ್ಬಿಣದ ಪೈಪ್ ಸಿಕ್ಕರೆ ಅತ್ಯುತ್ತಮ. ಬಿಳಿ ಪಿವಿಸಿಯ ಗೋಡೆ ಬಿಸಿಲನ್ನು ಒಳಗೆ ಬಿಡುತ್ತದೆ, ಅದನ್ನು ಬಳಸಿದರೆ ಹೊರಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಒಳಗೋಡೆ ನುಣುಪಾಗಿದ್ದರೆ ಬೆಳಕು ಜಾರಿ ಬರುತ್ತದೆ. ಕಪ್ಪು ಎಮೆರಿ ಪೇಪರನ್ನು ಸುರುಳಿ ಮಾಡಿ, ಒರಟು ಮುಖ ಒಳಗಿರುವಂತೆ ತುರುಕಿ.

ಎಲ್‌ಇಡಿಗೂ ಪೈಪ್ ಹಾಕಿ. ಮಳೆಗೆ ರಕ್ಷಣೆ, ಜೋಡಿಸಲು ಅನುಕೂಲ.

## ಹಂತ 7: ಮೊದಲು ಸಂಜೆ, ಆಮೇಲೆ ಬಿಸಿಲು

ಈಗ 1ಕೆ ತೆಗೆದು 47 ಓಮ್ ಹಾಕಿ, ಸಂಜೆ ಹೊರಗೆ ಒಯ್ಯಿರಿ. ದೂರ ಎರಡು ಪಟ್ಟಾದರೆ ತಲುಪುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಅದಕ್ಕೇ 3 ಮೀಟರ್, 6 ಮೀಟರ್, 10 ಮೀಟರ್ ಎಂದು ಹೆಜ್ಜೆ ಹೆಜ್ಜೆಗೆ ನೋಡಿ.

ಜೋಡಿಸುವುದು ಹೀಗೆ. ಭಾಗಗಳನ್ನು ಕೂರಿಸುವ ಮೊದಲು ಖಾಲಿ ಪೈಪನ್ನು ಕಂಬಕ್ಕೆ ಕಟ್ಟಿ, ಅದರೊಳಗಿಂದ ಕಣ್ಣಿಟ್ಟು ನೋಡಿ. ಎದುರು ಕಂಬದ ಪೈಪಿನ ಬಾಯಿ ನಡುಮಧ್ಯೆ ಕಾಣಬೇಕು. ಎರಡೂ ಕಡೆಯಿಂದ ನೋಡಿ ಬಿಗಿ ಮಾಡಿ. ಆಮೇಲೆ ಎಲ್‌ಇಡಿ, ರಿಸೀವರ್ ಕೂರಿಸಿ. ಪವರ್ ಕೊಟ್ಟ ಮೇಲೆ ಪೈಪಿನೊಳಗೆ ಇಣುಕಬೇಡಿ.

ಹಸಿರು ದೀಪ ಹತ್ತಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. ಅದು ಅಂಚಿನಲ್ಲಿ ಹತ್ತಿರಬಹುದು. 47 ಓಮ್ ತೆಗೆದು 470 ಓಮ್ ಹಾಕಿ. ಬೆಳಕು ಸುಮಾರು ಹತ್ತನೇ ಒಂದು ಪಾಲಾಗುತ್ತದೆ. ಈಗಲೂ ದೀಪ ಗಟ್ಟಿಯಾಗಿ ಉರಿದರೆ ನಿಮ್ಮ ಜೋಡಣೆ ನಡುಮಧ್ಯೆ ಇದೆ. ಉರಿಯದಿದ್ದರೆ ಪೈಪನ್ನು ಕೂದಲೆಳೆಯಷ್ಟು ಎಡ ಬಲ, ಮೇಲೆ ಕೆಳಗೆ ಸರಿಸಿ, ಉರಿಯುವ ಜಾಗದ ಎರಡೂ ಅಂಚು ಹುಡುಕಿ ನಡುವೆ ನಿಲ್ಲಿಸಿ. ಮತ್ತೆ 47 ಓಮ್ ಹಾಕಿದಾಗ ನಿಮಗೆ ಹತ್ತು ಪಟ್ಟು ಮೀಸಲು ಬೆಳಕು ಸಿಕ್ಕಿತು. ಧೂಳು, ಮಳೆ, ಮಂಜಿನ ದಿನ ಕೈ ಹಿಡಿಯುವುದು ಆ ಮೀಸಲು. ಈ ಒಂದು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ಸಂಜೆ ಪಾಸಾದ ಮೇಲೆ ಮರುದಿನ ನಡುಮಧ್ಯಾಹ್ನ ಇದೇ 470 ಓಮ್ ಪರೀಕ್ಷೆ ಮತ್ತೆ ಮಾಡಿ.

## ಹಂತ 8: ಕಂಬಕ್ಕೆ ಕಾಯಂ ಕೂರಿಸುವುದು

ದಿಕ್ಕು ಮೊದಲು. ರಿಸೀವರ್ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದರೆ ಏಳುವ, ಮುಳುಗುವ ಸೂರ್ಯ ನೇರ ಪೈಪಿನೊಳಗೆ ಬರುತ್ತಾನೆ. ಅಷ್ಟು ಬೆಳಕಿನಲ್ಲಿ ರಿಸೀವರ್ ನಮ್ಮ ಎಲ್‌ಇಡಿಯನ್ನು ಕಾಣಲಾರದು. ನಮ್ಮ ಚಿಕ್ಕಪ್ಪನ ತೋಟದ ಗೇಟಿನಲ್ಲಿ ನಾನು ಹಾಕಿದ ಮೊದಲ ಬೀಮ್ ದಿನಾ ಬೆಳಿಗ್ಗೆ ಏಳರ ಸುಮಾರಿಗೆ ಹತ್ತು ನಿಮಿಷ ಕೂಗುತ್ತಿತ್ತು. ಎರಡು ಪೆಟ್ಟಿಗೆಗಳನ್ನು ಅದಲುಬದಲು ಮಾಡಿದ ಮೇಲೆ ಬೆಳಗಿನ ಕೂಗು ನಿಂತಿತು. ಸಂಜೆಯ ಕಾಟವನ್ನು ಪಶ್ಚಿಮಕ್ಕಿದ್ದ ಮಾವಿನ ಮರದ ನೆರಳು ತಪ್ಪಿಸಿತು.

ನಮ್ಮ ಭಾಗದಲ್ಲಿ ರಿಸೀವರ್ ಉತ್ತರಕ್ಕೆ ಮುಖ ಮಾಡಿದರೆ ವರ್ಷಪೂರ್ತಿ ನೆಮ್ಮದಿ. ಜೂನ್ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ವಾಲಿದರೂ ನಡುಮಧ್ಯಾಹ್ನ ಹತ್ತಿರ ಹತ್ತಿರ ನೆತ್ತಿಯ ಮೇಲೇ ಇರುತ್ತಾನೆ. ದಕ್ಷಿಣ ಎರಡನೆಯ ಆಯ್ಕೆ. ಗೇಟು ಪೂರ್ವ ಪಶ್ಚಿಮವೇ ಆಗಿದ್ದರೆ, ಮರವೋ ಗೋಡೆಯೋ ಸೂರ್ಯನನ್ನು ಮರೆಮಾಡುವ ಕಡೆಗೆ ರಿಸೀವರ್ ಮುಖ ಮಾಡಲಿ, ಪೈಪನ್ನು ಉದ್ದ ಮಾಡಿ.

ಎತ್ತರ: ನಾಯಿ ಬೆಕ್ಕಿಗೆ ಕೂಗಬಾರದು ಎಂದರೆ 75ರಿಂದ 90 ಸೆಂ.ಮೀ. ದನಕರು ಬರುವ ಜಾಗವಾದರೆ ಯಾವ ಎತ್ತರವೂ ತಪ್ಪಿಸುವುದಿಲ್ಲ. ಬಾಳೆ ಎಲೆ, ಹುಲ್ಲು, ಬಳ್ಳಿ ಬೀಮಿನ ದಾರಿಗೆ ಬಾಗದಂತೆ ನೋಡಿ. ಮಳೆಗಾಲದಲ್ಲಿ ಅವು ಎಷ್ಟು ಬೇಗ ಬೆಳೆಯುತ್ತವೆ ಎಂಬುದು ನಿಮಗೇ ಗೊತ್ತು.

ಕಂಬ ಗಟ್ಟಿಯಿರಲಿ. ಗಾಳಿಗೆ ತೂಗುವ ಬಿದಿರು, ಗೇಟಿನ ಬಾಗಿಲು ಬಡಿದಾಗ ಅದುರುವ ಕಂಬ ಬೇಡ.

ತಂತಿ: ಉದ್ದ ತಂತಿ ಆಂಟೆನಾ ಇದ್ದಂತೆ, ಪಂಪ್‌ಸೆಟ್ ಸ್ಟಾರ್ಟರಿನ ಗಲಾಟೆಯನ್ನೆಲ್ಲ ಹಿಡಿಯುತ್ತದೆ. ರಿಸೀವರಿನ ಸಣ್ಣ ಸಿಗ್ನಲನ್ನು ಮನೆಯವರೆಗೆ ಎಳೆಯಬೇಡಿ. ಮೂರನೇ 555 ಕಂಬದಲ್ಲೇ ಇರಲಿ, ಬಜರಿನ ತಂತಿ ಮಾತ್ರ ಮನೆಗೆ ಬರಲಿ. ಕರೆಂಟಿನ ತಂತಿಯ ಜತೆ ಒಂದೇ ಪೈಪಿನಲ್ಲಿ ಹಾಕಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆ ಮನೆಯ ಕಡೆಯ ಕನೆಕ್ಟರ್ ಕಿತ್ತಿಡಿ.

7805 ಮತ್ತು ಬ್ಯಾಟರಿಯನ್ನು ಮಳೆ ಬೀಳದ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆಯ ತಳದಲ್ಲಿ ಒಂದು ಚಿಕ್ಕ ತೂತು ಇರಲಿ, ಒಳಗೆ ಕಟ್ಟುವ ತೇವ ಇಳಿದುಹೋಗುತ್ತದೆ.

## ಕೈಕೊಟ್ಟಾಗ ಎಲ್ಲಿ ನೋಡಬೇಕು

ಸ್ವಲ್ಪ ಹೊತ್ತು ಕೆಲಸ ಮಾಡಿ ನಿಲ್ಲುತ್ತದೆ. ಹಂತ 3ಕ್ಕೆ ಹಿಂತಿರುಗಿ. ಮೊದಲ 555ರ 4ನೇ ಪಿನ್ ಇನ್ನೂ 5 ವೋಲ್ಟಿನಲ್ಲೇ ಇದೆಯೇ? ಡಯೋಡ್ ತಿರುಗಾ ಇದೆಯೇ?

ಜನ ದಾಟಿದರೂ ಕೂಗುವುದಿಲ್ಲ. ಬೆಳಕು ಪಕ್ಕದ ಗೋಡೆಗೆ ತಾಗಿ ಬರುತ್ತಿದೆ. ರಿಸೀವರ್ ಪೈಪ್ ಉದ್ದ ಮಾಡಿ, 47 ಓಮ್ ಬದಲು 100 ಓಮ್ ಹಾಕಿ ನೋಡಿ.

ದೀಪ ಹಾಕಿದಾಗ ಮಾತ್ರ ತೊಂದರೆ. ಸಿಎಫ್ಎಲ್ ಮತ್ತು ಎಲೆಕ್ಟ್ರಾನಿಕ್ ಚೋಕಿನ ಟ್ಯೂಬ್‌ಲೈಟುಗಳು ಹತ್ತಾರು ಕಿಲೋಹರ್ಟ್ಜ್‌ನಲ್ಲಿ ಮಿಡಿಯುತ್ತವೆ. ಅದು 38ರ ಹತ್ತಿರ ಬಂದರೆ ರಿಸೀವರ್ ಕಂಗೆಡುತ್ತದೆ. ಗೇಟಿನ ದೀಪ ಆರಿಸಿ ನೋಡಿ. ಸರಿಹೋದರೆ ದೀಪವನ್ನು ರಿಸೀವರಿನ ನೋಟದಿಂದ ಹೊರಗೆ ಸರಿಸಿ.

ದಿನದ ಒಂದೇ ಹೊತ್ತಿಗೆ ಕೂಗುತ್ತದೆ. ಬೆಳಿಗ್ಗೆ, ಸಂಜೆಯಾದರೆ ಸೂರ್ಯ. ಮಧ್ಯಾಹ್ನವಾದರೆ 1 ನ್ಯಾನೊಫ್ಯಾರಡ್ ಕೆಪಾಸಿಟರ್ ಅಥವಾ ಬಿಸಿಲಿಗೆ ತಾಗಿ ಹೊಳೆಯುವ ಯಾವುದೋ ತಗಡು.

ದಿನದಿಂದ ದಿನಕ್ಕೆ ಕೂಗು ಜಾಸ್ತಿಯಾಗುತ್ತಿದೆ. ಇದು ಬಹುಪಾಲು ಪೈಪಿನ ಬಾಯಿಯ ಸಮಸ್ಯೆ. ಜೇಡ ಬಲೆ ಕಟ್ಟಿರುತ್ತದೆ, ಇಲ್ಲವೇ ಕಣಜ ಒಳಗೆ ಮಣ್ಣಿನ ಗೂಡು ಮಾಡಿರುತ್ತದೆ. ಪೈಪಿನ ಬಾಯಿಗೆ ತೆಳು ಗಾಜಿನ ತುಂಡು ಅಂಟಿಸಿ, ನಮ್ಮ ಬೆಳಕು ಅದರಲ್ಲಿ ಹಾಯುತ್ತದೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಒರೆಸುವ ದಿನವೇ 470 ಓಮ್ ಪರೀಕ್ಷೆಯನ್ನೂ ಮಾಡಿಬಿಡಿ. ಅದರಲ್ಲಿ ಹಸಿರು ದೀಪ ಆರಿದರೆ ಕಂಬ ಸರಿದಿದೆ ಎಂದು ಅರ್ಥ, ಹಂತ 7ರಿಂದ ಮತ್ತೆ ಜೋಡಿಸಿ.